ಕರಣಿಕ ಬರೆದ ಹಲಗೆ

"ಗುರುಗಳೇ, ಆಸ್ಪತ್ರೆಯ ಪ್ರೋಗ್ರಾಮಿನಲ್ಲಿ 'ಇದಾದರೆ ಹೀಗೆ, ಅದಾದರೆ ಹಾಗೆ' ಎಂದು ನಲವತ್ತು ಸಲ ಬರೆದು ಬೇಸತ್ತೆ. ಈಗ ನೀವು ಹೇಳಿದಂತೆ ಒಂದು ಪಟ್ಟಿ ಮಾಡಿ, ಒಂದೊಂದು ಹೆಸರಿನ ಎದುರು ಆ ಕೆಲಸ ಮಾಡುವ ಒಂದೊಂದು ಫಂಕ್ಷನ್ ಇಟ್ಟಿದ್ದೇನೆ. ಹೆಸರು ನೋಡಿ ಕರೆದರೆ ಮುಗಿಯಿತು. ಇಷ್ಟು ಸುಲಭದ್ದರಲ್ಲಿ ತಪ್ಪುವುದಕ್ಕೆ ಏನಿದೆ?" ಎಂದು ಶಿಷ್ಯೆ ಕೇಳಿದಳು.

ಗುರುಗಳು ಅವಳು ಬರೆದದ್ದನ್ನು ಓದಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಕೋಟೆ, ಅದಕ್ಕೊಬ್ಬ ಪಾಳೆಯಗಾರ. ಹೆಬ್ಬಾಗಿಲಿಗೆ ಯಾರು ಸುದ್ದಿ ತಂದರೂ ಕಾವಲುಗಾರ ಮೊದಲಿನಿಂದ ಕೇಳಿಕೊಂಡು ಬರುತ್ತಿದ್ದ. ನೆಂಟರೇ? ಅಲ್ಲ. ಕಳ್ಳರೇ? ಅಲ್ಲ. ಶತ್ರುಗಳೇ? ಅಲ್ಲ. ಬೆಂಕಿಯೇ? ಹೌದು ಎನ್ನುವಷ್ಟರಲ್ಲಿ ಒಂದು ಕಣಜ ಬೂದಿಯಾಗಿತ್ತು. ಪಾಳೆಯಗಾರ ರೇಗಿದ. "ಸಾಕು ನಿನ್ನ ಪ್ರಶ್ನೆ! ಯಾವ ಸುದ್ದಿ ಬಂದರೆ ಯಾರನ್ನು ಕರೆಯಬೇಕು ಎಂದು ಒಂದು ಹಲಗೆಯಲ್ಲಿ ಬರೆಸಿ ಬಾಗಿಲಿಗೆ ತೂಗುಹಾಕು" ಎಂದ. ಒಳ್ಳೆಯ ಮಾತೇ.

ಬರೆಯುವ ಕೆಲಸ ಕರಣಿಕನ ಪಾಲಿಗೆ ಬಂತು. ಮಹಾ ಶಿಸ್ತಿನ ಮನುಷ್ಯ, ಪುಣ್ಯಾತ್ಮ! ಕಣ್ಣಾರೆ ಕಾಣದ್ದನ್ನು ಬರೆಯುವವನೇ ಅಲ್ಲ. 'ಬೆಂಕಿ' ಎಂದು ಬರೆದು ನೀರಿನವರನ್ನು ಕರೆಸಿ, ಕೆಲಸ ಮಾಡಿ ತೋರಿಸಿ ಎಂದ. ಅವರು ಕೊಪ್ಪರಿಗೆಗಳ ನೀರನ್ನೆಲ್ಲ ಅಂಗಳಕ್ಕೆ ಸುರಿದರು. 'ಬೆಂಕಿ'ಯ ಎದುರು 'ನೀರು ಸುರಿದಾಗಿದೆ' ಎಂದು ಬರೆದುಕೊಂಡ. 'ಶತ್ರು' ಎಂದು ಬರೆದು ತೂಗುಸೇತುವೆಯವನನ್ನು ಕರೆಸಿದ. ಅವನು ಕೊಡಲಿ ಎತ್ತಿ ಹಗ್ಗ ಕಡಿದ. 'ಹಗ್ಗ ಕಡಿದಾಗಿದೆ' ಎಂದು ಬರೆಯಲು ಕರಣಿಕ ಹಲಗೆಯತ್ತ ತಿರುಗಿದ.

ಆಗ ಸೇತುವೆಯ ಮೇಲೆ ಪಾಳೆಯಗಾರನ ಮಗಳು ಇದ್ದಳು. ಚೊಚ್ಚಲ ಹೆರಿಗೆಗೆಂದು ತವರಿಗೆ ಬರುತ್ತಿದ್ದಳು. ಪಲ್ಲಕ್ಕಿ ಹೊತ್ತವರ ಸಮೇತ ಹೊಳೆಯ ಪಾಲಾದಳು.

ಕಿರುಚಾಟ ಕೇಳಿ ಪಾಳೆಯಗಾರ ಓಡಿ ಬಂದ. ಹೊಳೆ ನೋಡಿದ, ಹಲಗೆ ನೋಡಿದ. ಬೆನ್ನ ಹಿಂದೆ ಏನಾಯಿತೆಂದು ತಿರುಗಿಯೂ ನೋಡದ ಕರಣಿಕ ಕೈಮುಗಿದ. "ಬುದ್ಧೀ, ಹಲಗೆ ಸಿದ್ಧವಾಯಿತು. ಎಲ್ಲ ಕೆಲಸವೂ ಆಗಿಹೋಗಿದೆ. ಇನ್ನು ಯಾರನ್ನೂ ಕರೆಯಬೇಕಾಗಿಲ್ಲ."

"ಅಯ್ಯೋ ದೇವರೇ!" ಶಿಷ್ಯೆ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಯಾರನ್ನು ಕರೆಯಬೇಕೆಂದು ಬರೆ ಎಂದರೆ ಆಗಲೇ ಕರೆದುಬಿಡುವುದೇ? ಅಂಥ ಮೂಢರೂ ಇರುತ್ತಾರೆಯೇ?"

ಗುರುಗಳು ಅವಳ ಪಟ್ಟಿಯ ಮೇಲೆ ಬೆರಳಿಟ್ಟರು. ಪ್ರತಿ ಫಂಕ್ಷನ್ನಿನ ಹೆಸರಿನ ಪಕ್ಕದಲ್ಲೂ, 'ಈಗಲೇ ಮಾಡು' ಎಂದು ಯಂತ್ರಕ್ಕೆ ಹೇಳುವ ಬ್ರಾಕೆಟ್ ಇತ್ತು. ಬೆರಳು ಕೆಳಗಿಳಿದು 'ರೋಗಿಗಳ ದಾಖಲೆ ಅಳಿಸು' ಎಂಬ ಸಾಲಿನಲ್ಲಿ ನಿಂತಿತು.

"ಇದನ್ನು ಓಡಿಸಿ ಎಷ್ಟು ಹೊತ್ತಾಯಿತಮ್ಮ?"