ಚೌಡಕ್ಕ ಇಟ್ಟ ಕಲ್ಲು, ಮೂಡ್ಲಪ್ಪ ಸರಿಸಿದ ಕಲ್ಲು

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಹುಟ್ಟದ ಕಾಲದಲ್ಲಿ, ಬೆಳ್ನೆತ್ತಿ ಬೆಟ್ಟದ ಬುಡದಲ್ಲಿ ಒಂದು ಊರಿತ್ತಂತೆ. ಕೆಳಗೆ ರಾಗಿ ಹೊಲ, ಸುಡುವ ಬಿಸಿಲು. ಮೇಲೆ ಬೆಟ್ಟದ ನೆತ್ತಿಯಲ್ಲಿ ಹಿಮ. ನಗಬೇಡಿ, ಹಿಮವೇ ಇತ್ತಂತೆ. ಅದು ಕರಗಿ ಹಳ್ಳವಾಗಿ ಇಳಿದರೆ ಊರಿಗೆ ಊಟ, ಇಲ್ಲದಿದ್ದರೆ ಇಲ್ಲ.

ಆ ನೀರನ್ನು ಯಾರ ಹೊಲಕ್ಕೆ ಎಷ್ಟು ಹೊತ್ತು ಬಿಡಬೇಕೆಂದು ನೋಡಿಕೊಳ್ಳುತ್ತಿದ್ದವನು ನೀರುಗಂಟಿ ಮೂಡ್ಲಪ್ಪ. ಅವನಪ್ಪನೂ ನೀರುಗಂಟಿ, ಅವನಜ್ಜನೂ ನೀರುಗಂಟಿ. ಅವನು ಬೀದಿಗೆ ಬಂದರೆ ಜಗಲಿಯ ಮೇಲೆ ಕೂತವರು ಎದ್ದು ನಿಲ್ಲುತ್ತಿದ್ದರಂತೆ.

ಅದೇ ಊರಲ್ಲಿ ಚೌಡಕ್ಕ ಅಂತ ಕುರಿ ಕಾಯುವವಳೊಬ್ಬಳಿದ್ದಳು. ಪ್ರತಿ ಯುಗಾದಿಯ ಮಾರನೆ ದಿನ ಬೆಟ್ಟ ಹತ್ತಿ, ಹಿಮದ ಅಂಚಿಗೆ ಸುಣ್ಣ ಬಳಿದ ಕಲ್ಲೊಂದನ್ನು ಇಡುತ್ತಿದ್ದಳಂತೆ. ಮರುವರ್ಷ ಹೋಗಿ, ಹಿಮ ಆ ಕಲ್ಲಿನಿಂದ ಎಷ್ಟು ಮಾರು ಮೇಲಕ್ಕೆ ಸರಿದಿದೆ, ಇನ್ನೆಷ್ಟು ಮಾರು ಉಳಿದಿದೆ ಎಂದು ಅಳೆಯುತ್ತಿದ್ದಳಂತೆ. ಹಾಗೆ ಅಳೆದೇ ಒಂದು ವರ್ಷ, ಇನ್ನು ಒಂಬತ್ತು ವರ್ಷ ನೀರು, ಅಷ್ಟರಲ್ಲಿ ಕೆರೆ ಕಟ್ಟಿಕೊಳ್ಳಿ ಅಂದಳಂತೆ.

ಹಳ್ಳ ವರ್ಷದಿಂದ ವರ್ಷಕ್ಕೆ ಉಕ್ಕುತ್ತಿದೆ, ಇವಳಿಗೆ ಕಣ್ಣಿಲ್ಲವೇ ಎಂದು ಮೂಡ್ಲಪ್ಪ ಹಂಗಿಸಿದನಂತೆ.

"ಬೆಣ್ಣೆ ಒಲೆ ಮೇಲಿಟ್ರೆ ತುಪ್ಪ ಹರೀತದೆ ಮೂಡ್ಲಣ್ಣ, ಬೆಣ್ಣೆ ಉಳೀತದಾ?" ಅಂದಳಂತೆ ಚೌಡಕ್ಕ.

ಊರು ಮೂಡ್ಲಪ್ಪನ ಮುಖ ನೋಡಿ ನಕ್ಕಿತು. ಮಾರನೆ ದಿನವೇ ಗುದ್ದಲಿ, ಮಂಕರಿ ಹಿಡಿದು ಕೆರೆ ಅಗೆಯಲು ಹೊರಟಿತು. ಆಮೇಲೆ ಬಿತ್ತನೆಗೂ ಅವಳನ್ನೇ ಕೇಳುವುದು, ಜಗಲಿಯಿಂದ ಏಳುವುದೂ ಅವಳಿಗೇ. ಮೂಡ್ಲಪ್ಪನ ಹೊಟ್ಟೆಗೆ ಬೆಂಕಿ ಬಿತ್ತು. ಹೆಂಡತಿ ಮುದ್ದೆ ಬಡಿಸುವಾಗಲೂ ಚೌಡಕ್ಕ ಹಿಂಗಂದಳು, ಚೌಡಕ್ಕ ಹಂಗಂದಳು ಎನ್ನುವಳು. ಅವನು ತಟ್ಟೆ ಸರಿಸಿ ಎದ್ದುಬಿಡುತ್ತಿದ್ದನಂತೆ.

ಮುಂದಿನ ಯುಗಾದಿಯ ದಿನ, ಊರೆಲ್ಲ ಬೇವು ಬೆಲ್ಲ ತಿನ್ನುತ್ತಿದ್ದಾಗ, ಅವನೊಬ್ಬನೇ ಬೆಟ್ಟ ಹತ್ತಿ ಚೌಡಕ್ಕನ ಕಲ್ಲನ್ನು ಹಿಮದ ಹತ್ತಿರಕ್ಕೆ ಸರಿಸಿ ಬಂದನಂತೆ. ಅವಳ ಲೆಕ್ಕ ತಲೆಕೆಳಗಾಗಲಿ, ಹೋದ ವರ್ಷ ಒಂದು ಈ ವರ್ಷ ಇನ್ನೊಂದು ಹೇಳುತ್ತಾಳೆಂದು ಊರು ಉಗಿಯಲಿ ಎಂಬುದು ಅವನಾಸೆ.

ಮಾರನೆ ದಿನ ಚೌಡಕ್ಕ ಅಳೆದಳು. ನಂಬಿಕೆ ಬರದೆ ಮೂರು ಸಲ ಅಳೆದಳು. ಕಡೆಗೆ ಕಲ್ಲು ತೋರಿಸಿದ್ದನ್ನೇ ಊರಿಗೆ ಹೇಳಿದಳಂತೆ: ಇನ್ನು ಮೂವತ್ತು ವರ್ಷ.

ಊರು ಉಗಿಯಿತೇ? ಕುಣಿಯಿತು! ಗುದ್ದಲಿ ಬಿಸಾಡಿತು. ಕೆರೆ ಅರ್ಧಕ್ಕೇ ನಿಂತಿತು. ಚೌಡಕ್ಕನ ಕಾಲ್ಗುಣದಿಂದ ಹಿಮ ಉಳಿಯಿತೆಂದು, ಅವಳು ಬೇಡ ಬೇಡವೆಂದರೂ ಕೊರಳಿಗೆ ಹಾರ ಹಾಕಿದರು. ಆರತಿ ತಟ್ಟೆ ಹಿಡಿದವಳು ಯಾರೆಂದಿರಿ? ಮೂಡ್ಲಪ್ಪನ ಹೆಂಡತಿಯೇ ಅಂತೆ.

ಅವನಿಗೆ ತಡೆಯಲಾಗಲಿಲ್ಲ.

"ಅವಳ ಕಾಲ್ಗುಣ ಅಲ್ಲ ಕಣ್ರೋ! ಕಲ್ಲು ಸರಿಸಿದ್ದು ನಾನು! ಅವಳ ಲೆಕ್ಕ ಸುಳ್ಳು!"

ಪಶ್ಚಾತ್ತಾಪದಿಂದ ಹೇಳಿದ ಅಂತಾರೆ ಈಗಿನವರು. ಎಲ್ಲಿಯ ಪಶ್ಚಾತ್ತಾಪ! ಹೊಟ್ಟೆಕಿಚ್ಚು, ಬರೀ ಹೊಟ್ಟೆಕಿಚ್ಚು. ಏನಂದುಬಿಟ್ಟೆ ಎಂದು ಅವನಿಗೆ ಗೊತ್ತಾಗುವಷ್ಟರಲ್ಲಿ ಜನ ಹೊಡೆಯಲು ನುಗ್ಗಿದ್ದರಂತೆ. ಚೌಡಕ್ಕ ಅಡ್ಡ ನಿಂತು ಒಂದೇ ಮಾತು ಕೇಳಿದಳಂತೆ.

"ಎಷ್ಟು ಮಾರು ಸರಿಸಿದೆ?"

ಹದಿನೇಳು ಅಂದನಂತೆ ನೆಲ ನೋಡುತ್ತಾ. ಅವಳು ಬೆರಳು ಮಡಿಚಿ ಎಣಿಸಿದಳು. ಹೋದ ವರ್ಷಕ್ಕಿಂತ ಬೇಗ ಕರಗ್ತಾ ಇದೆ, ಇನ್ನು ಏಳೇ ವರ್ಷ ಅಂದಳು. ಹಾರ ತೆಗೆದಿಟ್ಟು ಗುದ್ದಲಿ ಹಿಡಿದಳಂತೆ.

ಏಳನೇ ವರ್ಷ ಹಿಮ ಮುಗಿಯಿತು, ಹಳ್ಳ ಬತ್ತಿತು. ಆದರೆ ಅಷ್ಟರಲ್ಲಿ ಕೆರೆಯಲ್ಲಿ ಮಳೆನೀರು ನಿಂತಿತ್ತಂತೆ.

ಈಗಲೂ ಯುಗಾದಿಯ ಮಾರನೆ ದಿನ ಚೌಡಕ್ಕನ ಕೆರೆಯ ನೀರಂಚಿಗೆ ಸುಣ್ಣದ ಕಲ್ಲಿಡುತ್ತಾರೆ. ಇಡುವ ಮುನ್ನ ನೀರುಗಂಟಿ ಮನೆಯವನೊಬ್ಬ ಊರೆಲ್ಲ ಕೇಳುವಂತೆ, "ಕಲ್ಲು ಸರಿಸಿದ್ದು ನಾವು" ಎಂದು ಕೂಗಬೇಕು. ಅವನು ಕೂಗಿದಾಗ, ಏರಿಯ ಮೇಲೆ ಕೂತವರೆಲ್ಲ ಎದ್ದು ನಿಲ್ಲುತ್ತಾರೆ.