ಗಂಡನ ಹೆಸರು ಹೇಳಿದ ದೆವ್ವ

ಗೌರವ್ವ ಸಾಯುವಾಗ ಹಿತ್ತಲ ಕೋಣೆಯನ್ನು ಅಡುಗೆಯಾಕೆಗೆ ಬಿಟ್ಟುಹೋಗಿದ್ದಳು. ತಿಂಗಳು ತುಂಬುವಷ್ಟರಲ್ಲಿ ಮೊಮ್ಮಗ ರಾಚಪ್ಪನ ಮೈಮೇಲೆ ಅಜ್ಜಿ ಬರತೊಡಗಿದಳು. ಬಂದಾಗಲೆಲ್ಲ ಒಂದೇ ಮಾತು: “ಆಕಿನ್ನ ಕೋಣಿ ಬಿಡಿಸ್ರಿ!”

ಅಡುಗೆಯಾಕೆಗೆ ಮೊದಲ ದಿನದಿಂದಲೇ ಅನುಮಾನ. ಬದುಕಿದ್ದಾಗ ಗೌರವ್ವ ಯಾವತ್ತೂ ಹೀಗೆ ಕಿರುಚಿದವಳಲ್ಲ. ಆದರೆ ಓಣಿಯ ಹೆಂಗಸರು ನಡುಗುತ್ತ ಕೈಮುಗಿದು ನಿಂತಿದ್ದರು. ಅವಳೂ ಕೈಮುಗಿದಳು.

“ತಪ್ಪಾತು, ಯವ್ವಾ. ಊರಾಗ ಗೌರವ್ವ ಅನ್ನೋರು ಬಾಳ ಮಂದಿ ಸತ್ತಾರ. ನೀವು ಯಾರ ಹೇಂತಿ, ಹೇಳಿಬಿಡ್ರಿ. ಈಗ ಕೋಣಿ ಬಿಡತೀನಿ.”

“ನಾ ಬಸಪ್ಪನ ಹೇಂತಿ!” ದೆವ್ವ ಗುಡುಗಿತು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡನ ಹೆಸರು ಬಾಯಲ್ಲಿ ಬರಬಾರದೆಂದು ಬಸ್ಸಿಗೂ ‘ಮೋಟಾರು’ ಅನ್ನುತ್ತಿದ್ದವಳು ಗೌರವ್ವ.

“ಸತ್ತ ಮ್ಯಾಲ ಎಂಥಾ ನಾಚಿಕಿ!” ದೆವ್ವ ತಡವರಿಸಿತು.

“ಇದು ನಮ್ಮ ಗೌರವ್ವ ಅಲ್ರಿ,” ಅಂದಳು ಅಡುಗೆಯಾಕೆ. “ಯಾವುದೋ ಪರವೂರಿನ ದೆವ್ವ ರಾಚಪ್ಪ ಸಾವುಕಾರರ ಮೈಯಾಗ ಹೊಕ್ಕೈತಿ. ಮೆಣಸಿನಕಾಯಿ ಹೊಗಿ ಹಾಕೂಣು. ಯಾರರ ಬೇವಿನ ಬಡಿಗಿ ತರ್ರಿ, ದಪ್ಪಂದು ಇರಲಿ.”

ಹೆಂಗಸರು ಓಡಿದರು. ರಾಚಪ್ಪ ಒಂದು ಕಣ್ಣು ತೆರೆದ.

“ಹೋತು,” ಅಂದ. “ಈಗ ಹೋತು. ಕೋಣಿ... ಆಕೀಗೇ ಇರಲಿ ಅಂತ ಹೇಳಿ ಹೋತು.”