ಎರಡೂರಿನ ಬಳ್ಳ

"ಕೇಳಿರಿ ಸಿರಿಗೊಂಡದ ಪ್ರಜೆಗಳೇ, ಇದು ರಾಣಿ ಸೋಮಲಾದೇವಿಯವರ ಅಪ್ಪಣೆ. ನಮ್ಮ ಆಸ್ಪತ್ರೆಯ ಕಂಪ್ಯೂಟರು ಒಬ್ಬರ ಮದ್ದನ್ನು ಇನ್ನೊಬ್ಬರಿಗೆ ಬರೆಯುತ್ತಿದೆ. ಸರಿಪಡಿಸುತ್ತೇನೆ ಎನ್ನುವವರು ಮೊದಲು ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಯಂತ್ರಶಾಲೆಯ ಬೀಗದ ಕೈ. ತಪ್ಪಿದವರಿಗೆ ತಲೆದಂಡ."

ರಾಣಿ ಹುಟ್ಟಾ ಕ್ರೂರಿಯಲ್ಲ. ಬಾಯಿಬಡುಕನೊಬ್ಬ ಯಂತ್ರಕ್ಕೆ ಕೈಹಾಕಿದ್ದರಿಂದ ಅವಳ ಗಂಡನೇ ತಪ್ಪು ಮದ್ದು ಕುಡಿದು ಸತ್ತಿದ್ದ. ಯಂತ್ರದ ರೋಗ ಯಾವುದೆಂದು ಹಳೆಯ ಯಂತ್ರಪಾಲಕ ಸಾಯುವ ಮುನ್ನ ಅವಳಿಗೆ ತಿಳಿಸಿದ್ದ. ವಾಸಿ ಮಾಡಬಲ್ಲವರು ಮಾತ್ರ ಸಿಕ್ಕಿರಲಿಲ್ಲ.

ಮೊದಲ ಒಗಟು ಹೀಗಿತ್ತು: "ಸಾವಿರ ಮನೆ ಖಾಲಿ ಬಿದ್ದಿವೆ. ಆದರೂ ಹೊಸದಾಗಿ ಬಂದವನನ್ನು ಹಳೆಯ ಒಕ್ಕಲಿದ್ದ ಮನೆಗೇ ತಳ್ಳುತ್ತಾರೆ. ಯಾಕೆ?"

"ಮನೆಯೊಡೆಯ ಜಿಪುಣ" ಎಂದ ಆಸ್ಥಾನದ ಜೋಯಿಸ. ಅವನ ತಲೆ ಹೋಯಿತು. "ಇನ್ನಷ್ಟು ಮನೆ ಕಟ್ಟಿಸಿ" ಎಂದ ಪರದೇಶದ ಪಂಡಿತ. ಅವನದೂ ಹೋಯಿತು.

ಮೂರನೆಯವನಾಗಿ ಬಂದವನು ಮಡಿವಾಳರ ಜಡೆಯ. ಯಂತ್ರಶಾಲೆಯ ಬಟ್ಟೆ ಒಗೆಯುತ್ತ, ಅಲ್ಲಿ ಬಿಸಾಡಿದ ಹಾಳೆಗಳನ್ನೇ ಓದಿ ಕಲಿತವನು. ಅವನ ತಾಯಿ ಮಾಳವ್ವ ಮೂರು ದಿನ ಯಾರದೋ ಮದ್ದು ಕುಡಿದು, ಮಗನ ಗುರುತೂ ಸಿಗದೆ ಮಲಗಿದ್ದಳು.

"ನಿನಗೆ ಜೀವದ ಆಸೆ ಇಲ್ಲವೇನಪ್ಪ?" ಎಂದಳು ರಾಣಿ.

"ಅವ್ವನೇ ಹೋದರೆ ಅದನ್ನಿಟ್ಟುಕೊಂಡು ಏನು ಮಾಡಲಿ, ತಾಯಿ?" ಎಂದ ಜಡೆಯ. ಆಮೇಲೆ ಮೆಲ್ಲಗೆ ಹೇಳಿದ: "ವಿಳಾಸ ಬರೆಯುವ ಚೀಟಿ ಗಿಡ್ಡ. ನಾನು ಬಟ್ಟೆಗೆ ಎರಡೇ ಅಂಕಿಯ ಗುರುತು ಹಾಕುತ್ತಿದ್ದೆ. ನೂರಾ ಒಂದನೆಯ ಮನೆ ಬಂದಾಗ ಮೊದಲ ಅಂಕಿ ಹಿಡಿಸದೆ ಸೊನ್ನೆ ಒಂದು ಆಯಿತು. ಸೀರೆ ಒಂದನೆಯ ಮನೆ ಸೇರಿತು. ಎಷ್ಟು ಮನೆ ಕಟ್ಟಿಸಿದರೂ ಅಷ್ಟೆ."

ರಾಣಿ ತಲೆಯಾಡಿಸಿದಳು. "ಒಂದೇ ಹೆಸರಿನ ಬಳ್ಳ. ಒಂದೂರಲ್ಲಿ ನಾಲ್ಕು ಸೇರು ಹಿಡಿಯುತ್ತದೆ, ಇನ್ನೊಂದೂರಲ್ಲಿ ಎಂಟು. ಎರಡೂರಿನವರೂ ಸುಳ್ಳರಲ್ಲ. ಯಾವುದದು?"

"‘ಉದ್ದದ ಸಂಖ್ಯೆ’ ಅನ್ನುವ ಮಾತು, ತಾಯಿ. ಆಸ್ಪತ್ರೆಯ ಪ್ರೋಗ್ರಾಂ ಬರೆದದ್ದು ಅರಮನೆಯ ಕಂಪ್ಯೂಟರಿನಲ್ಲಿ. ಅರಮನೆಯದರ ಆಪರೇಟಿಂಗ್ ಸಿಸ್ಟಂ ಬೇರೆ, ಆಸ್ಪತ್ರೆಯದು ಬೇರೆ. ಇಲ್ಲಿ ಉದ್ದದ ಸಂಖ್ಯೆಗೆ ಎಂಟು ಬೈಟು ಜಾಗ, ಅಲ್ಲಿ ನಾಲ್ಕು. ರೋಗಿಯ ಮದ್ದು ಯಂತ್ರದೊಳಗೆ ಯಾವ ಮನೆಯಲ್ಲಿದೆ ಎನ್ನುವ ವಿಳಾಸ ಅಲ್ಲಿ ಅರ್ಧಕ್ಕೆ ತುಂಡಾಗಿ, ಇನ್ನೊಬ್ಬರ ಮದ್ದಿಗೆ ಹೋಗುತ್ತದೆ."

"ಕೊನೆಯದು. ಅವನು ದಾರಿ ನಡೆಯುವುದಿಲ್ಲ, ಭಾರ ಹೊರುವುದಿಲ್ಲ. ಅವನು ಸುಮ್ಮನಿದ್ದರೆ ನಡೆಯುವವರು ಸಾಯುತ್ತಾರೆ. ಯಾರವನು?"

ತಲೆ ಕಡಿಯುವ ಕಟುಕ ಎದ್ದು ನಿಂತ. ಓದಿದ ಹಾಳೆಗಳೆಲ್ಲ ಜಡೆಯನ ಕಣ್ಣ ಮುಂದೆ ಕಲಸಿಹೋದವು. ತಡೆದು ತಡೆದು ಹೇಳಿದ: "ಕಂಪೈಲರ್. ನಾವು ಬರೆದದ್ದನ್ನು ಯಂತ್ರದ ಮಾತಿಗೆ ತಿರುಗಿಸುವ ದುಭಾಷಿ. ವಿಳಾಸ ತುಂಡಾಗುವುದು ಅವನಿಗೆ ಕಾಣುತ್ತದೆ. ಎಚ್ಚರಿಸು ಎಂದು ನಾವು ಹೇಳಿರಲಿಲ್ಲ. ಅದಕ್ಕೇ ಸುಮ್ಮನಿದ್ದ."

ರಾಣಿ ತಾನೇ ಸಿಂಹಾಸನದಿಂದ ಇಳಿದು ಬಂದು ಬೀಗದ ಕೈ ಕೊಟ್ಟಳು.

ಜಡೆಯ ಎರಡೂ ಕಂಪ್ಯೂಟರುಗಳಲ್ಲಿ ವಿಳಾಸಕ್ಕೆ ಎಂಟು ಬೈಟು ಗೊತ್ತುಮಾಡಿದ. ತುಂಡಾದ ವಿಳಾಸ ಕಂಡರೆ ಮುಂದೆ ಹೋಗಬೇಡ ಎಂದು ಕಂಪೈಲರಿಗೆ ಕಟ್ಟಳೆ ಮಾಡಿ, ಎಲ್ಲವನ್ನೂ ಹೊಸದಾಗಿ ಯಂತ್ರದ ಮಾತಿಗೆ ತಿರುಗಿಸಿದ. ಸಂಜೆಗೆ ಮಾಳವ್ವನಿಗೆ ಅವಳದೇ ಮದ್ದು ಬಂತು. ಮರುದಿನ ಅವಳು ಮಗನನ್ನು ಹೆಸರು ಹಿಡಿದು ಕರೆದಳು.

ರಾಣಿ ಅವನನ್ನು ಯಂತ್ರಶಾಲೆಗೆ ಒಡೆಯನನ್ನಾಗಿ ಮಾಡಿ, "ಇನ್ನೇನು ಬೇಕು?" ಎಂದಳು.

"ಇನ್ನು ಮುಂದೆ ತಪ್ಪು ಹೇಳಿದವರು ತಲೆ ಉಳಿಸಿಕೊಂಡು ಮನೆಗೆ ಹೋಗುವ ಹಾಗಾಗಲಿ" ಎಂದ ಜಡೆಯ.

"ಹಾಗೇ ಆಗಲಿ" ಎಂದಳು ರಾಣಿ. ಆಮೇಲೆ ಪಲ್ಲಕ್ಕಿಯನ್ನೂ ಕರೆಸದೆ, ಜೋಯಿಸನ ಹೆಂಡತಿಯ ಮನೆಯ ಕಡೆಗೆ ಬರಿಗಾಲಲ್ಲಿ ನಡೆದಳು.